ದವಡೆಗೆ ತಂತಿ

ರಾತ್ರಿ ಎರಡೂಕಾಲಿಗೆ ಸ್ಮಿತ್‌ಟನ್ ರಸ್ತೆಯ ಬಂಕಿನೆದುರು
ಹಾಲಿನ ಟ್ಯಾಂಕರು ನಿಂತಿತೆಂದರೆ
ಅದು ಡರ್ಮಟ್. ಡೀಸೆಲ್ಲಿಗಲ್ಲ,
ಗಲ್ಲಾದ ಪಕ್ಕ ಮೂರನೇ ಸಾಲಿನ
ಕಂದು ಕಾಗದದ ಬಾರಿಗೆ.
ಮೇಲೆ ಚಾಕೊಲೇಟು, ಒಳಗೆ ಕ್ಯಾರಮೆಲ್ಲು,
ಅದರೊಳಗೆ ಹೂತ ಶೇಂಗಾ.
ನನ್ನೆದುರೇ ಕಚ್ಚುತ್ತಿದ್ದ. ಆ ಟಕ್ ಸದ್ದಿಗೆ
ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಅರೆಗಳಿಗೆ
ನಿಂತಂತಾಗುತ್ತಿತ್ತು.

ಏಪ್ರಿಲಿನಲ್ಲಿ ಯಾರದೋ ಹಟ್ಟಿಯಂಗಳದಲ್ಲಿ
ಹಾಲಿನ ಪೈಪು ಕೊಂಡಿ ಕಳಚಿ ಹಾರಿ
ಅವನ ದವಡೆ ಮುರಿಯಿತು.
ಮೇಲಿನ ಹಲ್ಲನ್ನು ಕೆಳಗಿನ ಹಲ್ಲಿಗೆ
ಬಿಗಿದು ಕಳಿಸಿದರು ಬರ್ನಿಯ ಆಸ್ಪತ್ರೆಯವರು.
ಆರು ವಾರ.
ಹಲ್ಲಿದೆ, ಕಡಲೆಯೂ ಇದೆ,
ನಡುವೆ ತಂತಿ.

ಕೆಲಸಕ್ಕೆ ಮರಳಿದ ರಾತ್ರಿ ಬಾರನ್ನು ನೋಡುತ್ತ ನಿಂತ,
ಮುಚ್ಚಿದ ಅಂಗಡಿಯ ಮುಂದೆ ನಿಂತವನಂತೆ.
ನಾನೇ ಫ್ರಿಜ್ಜಿನಿಂದ ತೆಗೆದುಕೊಟ್ಟೆ
ಅದೇ ಕಂದು, ಅದೇ ಅಕ್ಷರ, ಅದೇ ಹಳದಿ ಗೆರೆ,
ಬಾಟಲಿಯಾಗಿ ಹುಟ್ಟಿಬಂದ ಹಾಲು.
ಕಿತ್ತುಹೋದ ಒಂದು ಹಲ್ಲಿನ ಸಂದಿಯಲ್ಲಿ
ಸ್ಟ್ರಾ ತೂರಿಸಿ ಎಳೆದ.
ಬಿಲ್ಲಿನ ಹಿಂದೆ ಬರೆದ:
'ಬಾರಿನ ಕಾಗದ ತೊಳೆದ ನೀರು.'

ಮರುದಿನವೂ ಬಂದ. ದಿನಕ್ಕೊಂದು ಬಾಟಲಿ, ದಿನಕ್ಕೊಂದು ತೀರ್ಪು.
ಪುದೀನದ್ದಕ್ಕೆ: 'ಹಲ್ಲುಜ್ಜಿ ಬಾಯಿ ಮುಕ್ಕಳಿಸದೆ ಕುಡಿದ ಹಾಗೆ.'
ತೆಂಗಿನದಕ್ಕೆ: 'ನನ್ನ ಅತ್ತಿಗೆ ಬೀಚಿನಲ್ಲಿ ಹಚ್ಚಿಕೊಳ್ಳುವ ಎಣ್ಣೆ.'
ಜೇನುಗೂಡಿನ ಬಾರಿನದಕ್ಕೆ ಬಹಳ ಹೊತ್ತು ಪೆನ್ನು ಹಿಡಿದು ಯೋಚಿಸಿ:
'ಅದು ಪುಡಿಯಾಗುವ ಸದ್ದೇ ಅದರ ರುಚಿ.
ಸದ್ದು ತೆಗೆದರೆ ಬರೀ ಸಕ್ಕರೆ.'
ಮತ್ತೆ ಶೇಂಗಾದ್ದು, ಎರಡನೇ ಸಲ:
'ಕ್ಯಾಬಿನ್ನಿನ ಹೀಟರ್ ಮೇಲಿಟ್ಟರೆ ಪರವಾಗಿಲ್ಲ.'
ಐದು ಸೆಂಟಿನ ನಾಣ್ಯದ ಖಾನೆಯಲ್ಲಿ
ಅವನ್ನೆಲ್ಲ ಕೂಡಿಟ್ಟೆ.

ಒಂದು ರಾತ್ರಿ ಗಿರಾಕಿಯಿಲ್ಲ, ಗಾಳಿ ಮಾತ್ರ.
ಎರಡನ್ನೂ ಕೊಂಡು ಸ್ಟೂಲಿನ ಮೇಲೆ ಕೂತೆ.
ಒಂದು ಕಚ್ಚು, ಒಂದು ಗುಟುಕು.
ಬಾರಿಗೆ ಮೊದಲು ಇದೆ, ಆಮೇಲೆ ಇದೆ,
ಕಡೆಗೊಂದು ದವಡೆಹಲ್ಲಿನೊಡನೆ ಜಗಳವಿದೆ.
ಹಾಲಿಗೆ ಎಲ್ಲವೂ ಒಟ್ಟಿಗೆ,
ಮದುವೆಗೆ ಬಂದವರೆಲ್ಲ
ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡ ಹಾಗೆ.
ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿದೆ.
ಶೇಂಗಾ ಇಲ್ಲ. ಶೇಂಗಾದ ವಾಸನೆ ಇದೆ.

ನನ್ನ ಮಗಳು ಫೋನಿನಲ್ಲಿ ಅಪ್ಪನ ದನಿ ತೆಗೆಯುತ್ತಾಳೆ.
ಕೆಮ್ಮು ಸರಿ, ನಗು ಸರಿ,
'ಏನೇ' ಎನ್ನುವ ಮುಂಚಿನ ಉಸಿರೂ ಸರಿ.
ಸಾಕು ಎನ್ನುತ್ತೇನೆ, ಇನ್ನೊಮ್ಮೆ ಎನ್ನುತ್ತೇನೆ.

ಆದರೂ ಸುಳ್ಳೆನ್ನಲಾರೆ ಆ ಬಾಟಲಿಯನ್ನು.
ಹಾಲಂತೂ ನಿಜ. ಇಲ್ಲಿಯದೇ ಇರಬೇಕು,
ಇವನ ಟ್ಯಾಂಕರಿನದೇ ಇರಬಹುದು.
ದವಡೆ ಮುರಿದ ಪೈಪಿನಲ್ಲೇ ಹರಿದು
ಬಣ್ಣ ಹಚ್ಚಿಸಿಕೊಂಡು, ಬೇರೆಯವರ ಹೆಸರು ಹೊತ್ತು
ಅವನ ಸ್ಟ್ರಾಕ್ಕೇ ಮರಳಿ ಬಂದಿತ್ತು.

ಜೂನಿನಲ್ಲಿ ತಂತಿ ಬಿಚ್ಚಿದರು.
ಬಾಯಿ ಒಂದು ಬೆರಳಗಲ ತೆರೆಯುತ್ತಿತ್ತು, ಅಷ್ಟೆ.
ಬಾರನ್ನು ತಂದಿಟ್ಟ. ನಾನು ರಟ್ಟು ಕೊಯ್ಯುವ ಬ್ಲೇಡು ಒರೆಸಿ
ತೆಳ್ಳಗೆ ಹೆಚ್ಚಿಕೊಟ್ಟೆ.
ಒಂದೊಂದನ್ನೇ ನಾಲಿಗೆ ಮೇಲಿಟ್ಟು ಕಾದ.
ಚಾಕೊಲೇಟು ಹೋಯಿತು, ಕ್ಯಾರಮೆಲ್ಲು ಹೋಯಿತು,
ಅದೂ ಕಡೆಗೆ ಹಾಲೇ ಆಯಿತು ಬಾಯಲ್ಲಿ.
ಶೇಂಗಾ ಕರಗಲಿಲ್ಲ.
ಬ್ಲೇಡಿನಿಂದ ತಪ್ಪಿಸಿಕೊಂಡ ಬೇಳೆಗಳನ್ನು
ಅಗಿಯಲಾರದೆ, ನುಂಗಲಾರದೆ,
ಬೆರಳಿಂದ ಹೊರತೆಗೆದು
ಟಿಶ್ಯೂ ಮೇಲೆ ಸಾಲಾಗಿ ಇಟ್ಟ.
ನಾನು ಮುಖ ತಿರುಗಿಸಲಿಲ್ಲ.

ಎಣಿಸಿದ. ತುಕ್ಕು ಹಿಡಿದ ಅಗುಳಿ ಸರಿದಂತೆ
ಅಷ್ಟು ವಾರಗಳ ಮೇಲೆ ಕೇಳಿದ ದನಿ:
"ಹನ್ನೊಂದು."

ಟಿಶ್ಯೂ ಮಡಚಿ ಜೇಬಿಗಿಟ್ಟುಕೊಂಡ.
ಹೋಗುತ್ತ ಫ್ರಿಜ್ಜಿನ ಬಾಗಿಲು ತೆರೆದು
ಒಂದು ಬಾಟಲಿಯನ್ನೂ ತೆಗೆದುಕೊಂಡ,
ಹೀಟರ್ ಮೇಲಿಡಲಿಕ್ಕೆ.
ಬಿಲ್ಲಿನ ಹಿಂದೆ ಆ ರಾತ್ರಿ ಏನೂ ಬರೆಯಲಿಲ್ಲ.